ದರ್ಶನೇತಿಹಾಸಕಾರ ಪೌಲ್ ಓಸ್ಕರ್ ಕ್ರಿಸ್ಟೆಲ್ಲರ್



ಜರ್ಮನ್ ಭಾಷೆಯಲ್ಲಿ ಆಲೋಚಿತವಾಗಿ ಜರ್ಮನ್ ಭಾಷೆಯಲ್ಲಿಯೇ ಬರೆಯಲ್ಪಟ್ಟ ಒಂದು ಗ್ರಂಥವು ಮೊದಲು 1943ರಲ್ಲಿ ಇಂಗ್ಲಿಷಿನಲ್ಲಿ ನ್ಯೂಯಾರ್ಕಿನಿಂದಲೂ, ಆಮೇಲೆ 1953ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಫ್ಲಾರೆನ್ಸಿನಿಂದಲೂ ಪ್ರಕಟವಾಗಿ, ತಾನು ಹುಟ್ಟಿದ ಭಾಷೆಯ ಓದುಗರ ಕೈಯನ್ನು 1972ರಲ್ಲಿ, ಎಂದರೆ ಬರೆದು ಮೂರು ದಶಕಗಳಿಗೂ ಮೀರಿದ ಕಾಲ ಸಂದಮೇಲೆ, ಸೇರಿತು. ಗ್ರಂಥದ ವಿಷಯ ಹದಿನೈದನೆಯ ಶತಮಾನದ ಫ್ಲಾರೆನ್ಸ್ ನಗರದ ಪ್ಲೇಟೊಪಂಥೀಯ ದಾರ್ಶನಿಕನಾದ ಮಾರ್ಸಿಲಿಯೊ ಫಿಚೀನೊ. ಕರ್ತೃವು ಬರ್ಲಿನ್ನಿನಲ್ಲಿ ಹುಟ್ಟಿ, ಇಟಲಿಯಲ್ಲಿ ಆಶ್ರಯ ಪಡೆದು, ಅಲ್ಲಿಂದಲೂ ಹೊರದೂಡಲ್ಪಟ್ಟು, ಅಮೆರಿಕದಲ್ಲಿ ಅರುವತ್ತು ವರ್ಷಗಳ ಕಾಲ ಬಾಳಿದ ಪೌಲ್ ಓಸ್ಕರ್ ಕ್ರಿಸ್ಟೆಲ್ಲರ್. ಈ ಮೂರು ಭಾಷೆಗಳ ಅನುಕ್ರಮ ಹೀಗೇಕಾಯಿತೆಂಬುದನ್ನು ವಿವರಿಸಿದರೆ ಅವರ ಜೀವನದ ಬಹುಭಾಗವನ್ನು ವಿವರಿಸಿದಂತಾಗುವುದು.

1933ರಿಂದ ಈಚೆಗೆ ಜರ್ಮನಿಯಿಂದ ಹೊರಟುಹೋದ ಯೆಹೂದ್ಯ ವಿದ್ವಾಂಸರ ಸಂಖ್ಯೆ ಅಲ್ಪವಲ್ಲ. ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ಅರ್ನ್‌ಸ್ಟ್ ಕಾಸಿರರ್ ಅವರು ಇಂಗ್ಲೆಂಡ್, ಸ್ವೀಡನ್ ದೇಶಗಳನ್ನು ಹಾದು ಅಮೆರಿಕಕ್ಕೆ ಬಂದು 1945ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಕಾರ್ಲ್ ಲೋವಿತ್ ಅವರು ಇಟಲಿಯಿಂದ ಜಪಾನಿನವರೆಗೂ ಹೋಗಬೇಕಾಯಿತು. ಇವರೆಲ್ಲರನ್ನೂ ಬಿಟ್ಟು ನಾನು ಕ್ರಿಸ್ಟೆಲ್ಲರ್ ಅವರನ್ನು ಆರಿಸಿಕೊಂಡುದಕ್ಕೆ ಒಂದೇ ಕಾರಣ. ತಮಗೊದಗಿದ ಅನ್ಯಾಯದ ಎದುರಿಗೆ ಪ್ರಾಚೀನ ಗ್ರಂಥಗಳನ್ನು ಆಯುಧವನ್ನಾಗಿ ಎತ್ತಿಹಿಡಿಯಲು ಅವರಿಗಿದ್ದಷ್ಟು ಅಧಿಕಾರ ಹೆಚ್ಚು ಜನರಿಗಿರಲಿಲ್ಲ. ಹಾಗೆ ಎತ್ತಿಹಿಡಿಯಲು ಅವರು ಕಡೆಯವರೆಗೂ ಒಪ್ಪಲಿಲ್ಲ. ಈ ನಿರಾಕರಣೆಯಲ್ಲಿ ಅಡಗಿರುವ ಸತ್ಯನಿಷ್ಠೆಯನ್ನು ನಿಮ್ಮ ಮುಂದಿಡಬೇಕೆಂಬುದೇ ನನ್ನ ಉದ್ದೇಶ.

ಅವರು ಹುಟ್ಟಿದ್ದು 1905ರ ಮೇ 22ರಂದು. ಬರ್ಲಿನ್ನಿನ ಪ್ರೌಢಶಾಲೆಯಲ್ಲಿ ಗ್ರೀಕ್ ಲ್ಯಾಟಿನ್ ಭಾಷೆಗಳ ಗಟ್ಟಿಯಾದ ಅಡಿಪಾಯ ಬಿದ್ದಮೇಲೆ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ, ನಡುವೆ ಮಾರ್ಬರ್ಗಿನಲ್ಲಿ ಹೈಡೆಗ್ಗರ್ ಅವರ ಪಾಠಗಳನ್ನೂ ಫ್ರೈಬರ್ಗಿನಲ್ಲಿ ಹುಸ್ಸೆರ್ಲ್ ಅವರ ಪಾಠಗಳನ್ನೂ ಕೇಳಿ, 1928ರಲ್ಲಿ ಅರ್ನ್‌ಸ್ಟ್ ಹಾಫ್‌ಮನ್ ಅವರ ಮಾರ್ಗದರ್ಶನದಲ್ಲಿ, ಪ್ರಾಚೀನ ಪ್ಲೇಟೊಪಂಥೀಯ ದಾರ್ಶನಿಕ ಪ್ಲೊಟೈನಸನ ನೀತಿಶಾಸ್ತ್ರದಲ್ಲಿ ಆತ್ಮದ ಪರಿಕಲ್ಪನೆ ಎಂಬ ವಿಷಯವಾಗಿ ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದರು. ಆದರೆ ಪದವಿಯೊಡನೆ ಅವರು ತೃಪ್ತರಾಗಲಿಲ್ಲ. ದರ್ಶನವನ್ನು ಕುರಿತು ಮಾತನಾಡುವವನು ಆ ದರ್ಶನವು ಯಾವ ಅಕ್ಷರಗಳಲ್ಲಿ, ಯಾವ ಪಾಠಾಂತರಗಳೊಡನೆ ನಮ್ಮ ಕೈಗೆ ಬಂದಿದೆಯೆಂಬುದನ್ನು ಅರಿತಿರಬೇಕೆಂದು ಅವರಿಗೆ ತೋರಿತು. ಆದಕಾರಣ ಬರ್ಲಿನ್ನಿಗೆ ಹಿಂತಿರುಗಿ ವೆರ್ನರ್ ಯೇಗರ್, ಎಡ್ವರ್ಡ್ ನಾರ್ಡನ್, ವಿಲಮೊವಿಟ್ಸ್ ಮೊದಲಾದ ಭಾಷಾಶಾಸ್ತ್ರ ಧುರಂಧರರ ಪದತಲದಲ್ಲಿ ಕುಳಿತು ಗ್ರಂಥಸಂಪಾದನ ಶಾಸ್ತ್ರವನ್ನು ಅಭ್ಯಸಿಸಿದರು. ದಾರ್ಶನಿಕರ ಪೈಕಿ ಭಾಷಾಪಂಡಿತರಾಗಿಯೂ, ಭಾಷಾಪಂಡಿತರ ಪೈಕಿ ದಾರ್ಶನಿಕರಾಗಿಯೂ ಅವರು ಉಳಿಯಲು ಈ ಎರಡನೆಯ ವಿದ್ಯಾರ್ಥಿದೆಸೆಯೇ ಕಾರಣ.

ಜರ್ಮನ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ಮಾಡುವ ಹಕ್ಕು ದೊರೆಯಬೇಕಾದರೆ ಡಾಕ್ಟರ್ ಪದವಿಯ ಮೇಲೆ ಇನ್ನೊಂದು ಮಹಾಪ್ರಬಂಧವನ್ನು ಒಪ್ಪಿಸಬೇಕಾಗಿದ್ದಿತು. ಅದಕ್ಕಾಗಿ ಅವರು 1931ರಲ್ಲಿ ಫ್ರೈಬರ್ಗಿನ ಹೈಡೆಗ್ಗರ್ ಅವರ ಬಳಿಗೆ ಹೋಗಿ ಫಿಚೀನೊ ವಿಷಯವನ್ನು ಕೈಗೆತ್ತಿಕೊಂಡರು. ಪ್ಲೊಟೈನಸನಿಂದ ಫಿಚೀನೊವಿಗೆ ಬರುವುದು ಸಹಜವಾದ ನಡೆ. ಫ್ಲಾರೆನ್ಸಿನ ಪ್ರಭು ಕಾಸಿಮೊ ದೆ ಮೆಡಿಚಿಯ ಆಶ್ರಯದಲ್ಲಿ ಪ್ಲೇಟೊವಿನ ಸಮಗ್ರ ಸಂವಾದಗಳನ್ನು ಲ್ಯಾಟಿನ್ನಿಗೆ ತಂದು 1484ರಲ್ಲಿ ಅಚ್ಚು ಹಾಕಿಸಿದವನೂ, 1492ರಲ್ಲಿ ಪ್ಲೊಟೈನಸನನ್ನು ಲ್ಯಾಟಿನ್ ಬಲ್ಲ ಐರೋಪ್ಯರ ಮುಂದೆ ನಿಲ್ಲಿಸಿದವನೂ ಫಿಚೀನೊನೇ ಆಗಿದ್ದನು. ಕೆಲಸ ಸಾಗುತ್ತಿರುವಾಗಲೇ 1933ರ ಏಪ್ರಿಲ್ 7ರಂದು ಯೆಹೂದ್ಯರನ್ನು ಸರಕಾರಿ ಸೇವೆಯಿಂದ ತೆಗೆದುಹಾಕುವ ಕಾಯಿದೆ ಹೊರಟಿತು. ಅದೇ ತಿಂಗಳಿನಲ್ಲಿ ಹೈಡೆಗ್ಗರ್ ಅವರು ಫ್ರೈಬರ್ಗ್ ವಿಶ್ವವಿದ್ಯಾನಿಲಯದ ಅಧಿಪತಿಯಾಗಿ ಆಯ್ಕೆಗೊಂಡು ಹೊಸ ಆಳ್ವಿಕೆಯನ್ನು ಸ್ವಾಗತಿಸಿದರು. ಗುರುವು ಏರಿದ ಕಾಲದಲ್ಲಿಯೇ ಶಿಷ್ಯನಿಗೆ ಬಾಗಿಲು ಮುಚ್ಚಿತು. ಇಪ್ಪತ್ತೇಳು ವರ್ಷದ ಯುವಕ ತನ್ನ ದೇಶದಲ್ಲಿ ಎಂದೆಂದಿಗೂ ಅಧ್ಯಾಪಕನಾಗಲಾರನೆಂಬುದು ಸ್ಪಷ್ಟವಾಯಿತು.

1934ರಲ್ಲಿ ಅವರು ಇಟಲಿಗೆ ಹೊರಟರು. ಮುಸೊಲಿನಿಯ ಇಟಲಿಗೆ ಯೆಹೂದ್ಯನೊಬ್ಬನು ಆಶ್ರಯಕ್ಕಾಗಿ ಹೋದನೆಂದರೆ ಇಂದು ಕೇಳುವವರಿಗೆ ಆಶ್ಚರ್ಯವಾಗಬಹುದು. ಆದರೆ ಆ ವರ್ಷಗಳಲ್ಲಿ ಇಟಲಿಯ ಫ್ಯಾಸಿಸ್ಟ್ ಆಳ್ವಿಕೆ ವರ್ಣದ್ವೇಷವನ್ನು ಇನ್ನೂ ಶಾಸನವನ್ನಾಗಿ ಮಾಡಿರಲಿಲ್ಲ. ಅದಲ್ಲದೆ ಫಿಚೀನೊವಿನ ಹಸ್ತಪ್ರತಿಗಳಿದ್ದುದು ಅಲ್ಲಿಯೇ. ಫ್ಲಾರೆನ್ಸಿನಲ್ಲಿ ಜರ್ಮನಿಯಿಂದ ಬಂದ ನಿರಾಶ್ರಿತರ ಮಕ್ಕಳಿಗಾಗಿ ತೆರೆದಿದ್ದ ಶಾಲೆಯಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತನ್ನು ಲಾರೆನ್ಷಿಯನ್ ಮೊದಲಾದ ಗ್ರಂಥಭಂಡಾರಗಳಲ್ಲಿ ಕಳೆಯುತ್ತ ಇದ್ದ ಅವರನ್ನು ಜೊವಾನ್ನಿ ಜೆಂಟೀಲೆ ಗುರುತಿಸಿ, 1935ರಲ್ಲಿ ಪೀಸಾ ನಗರದ ಸ್ಕುವೋಲಾ ನೊರ್ಮಾಲೆ ಎಂಬ ಪ್ರಖ್ಯಾತ ವಿದ್ಯಾಪೀಠದಲ್ಲಿ ಜರ್ಮನ್ ಭಾಷೆಯ ಅಧ್ಯಾಪಕರನ್ನಾಗಿ ನೇಮಿಸಿಕೊಂಡರು.

ಈ ಜೆಂಟೀಲೆಯವರ ವಿಷಯದಲ್ಲಿ ಒಂದು ಕ್ಷಣ ನಿಲ್ಲಬೇಕು. ಅವರು ಇಟಲಿಯ ಹಿರಿಯ ಭಾವನಾವಾದಿ ದಾರ್ಶನಿಕರು. ಮುಸೊಲಿನಿಯ ಮೊದಲ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಯಾಗಿದ್ದವರು. ಫ್ಯಾಸಿಸ್ಟ್ ಮತಕ್ಕೆ ದಾರ್ಶನಿಕ ವೇಷವನ್ನು ತೊಡಿಸಿದವರು. ಆ ಹೊಣೆಯಿಂದ ಅವರನ್ನು ಬಿಡಿಸಲು ಯಾವ ವಕೀಲಿಯೂ ಸಾಲದು. ಅದೇ ಮನುಷ್ಯ ದೇಶವಿಲ್ಲದ ಯೆಹೂದ್ಯ ಯುವಕನಿಗೆ ಅನ್ನವನ್ನೂ ಗ್ರಂಥಪ್ರಕಾಶನದ ಅವಕಾಶವನ್ನೂ ಕೊಟ್ಟರು, ಅವನನ್ನು ತೆಗೆದುಹಾಕಬೇಕೆಂಬ ಆಜ್ಞೆ ಬಂದಾಗ ತಡೆಯಲು ಯತ್ನಿಸಿದರು. 1944ರ ಏಪ್ರಿಲಿನಲ್ಲಿ ಫ್ಲಾರೆನ್ಸಿನಲ್ಲಿ ಫ್ಯಾಸಿಸ್ಟ್ ವಿರೋಧಿ ಹೋರಾಟಗಾರರ ಗುಂಡಿಗೆ ಅವರು ಬಲಿಯಾದರು. ಯುದ್ಧಾನಂತರದಲ್ಲಿ ಜೆಂಟೀಲೆಯವರ ಹೆಸರನ್ನು ಕೃತಜ್ಞತೆಯಿಂದ ಉಚ್ಚರಿಸುವುದರಿಂದ ಯಾರಿಗೂ ಲಾಭವಿಲ್ಲದಿದ್ದಾಗಲೂ ಕ್ರಿಸ್ಟೆಲ್ಲರ್ ಅವರು ತಮ್ಮ ಋಣವನ್ನು ಮುಚ್ಚಿಡಲಿಲ್ಲ. ರಾಜಕೀಯದ ತಕ್ಕಡಿಯಲ್ಲಿ ಮನುಷ್ಯರನ್ನು ತೂಗುವುದು ಅಗತ್ಯವೇ; ಆದರೆ ಒಬ್ಬನು ತನಗೆ ನೇರವಾಗಿ ಮಾಡಿದ ಉಪಕಾರವನ್ನು ಆ ತೂಕದಲ್ಲಿ ಕರಗಿಸಿಬಿಡುವುದು ನ್ಯಾಯವೆಂದು ಅವರಿಗೆ ತೋರಲಿಲ್ಲ, ನನಗೂ ತೋರುವುದಿಲ್ಲ.

ಪೀಸಾದಲ್ಲಿ ಕಳೆದ ವರ್ಷಗಳ ಫಲವೇ 1937ರಲ್ಲಿ ಫ್ಲಾರೆನ್ಸಿನ ಓಲ್ಸ್‌ಕಿ ಪ್ರಕಾಶನದಿಂದ ಎರಡು ಸಂಪುಟಗಳಾಗಿ ಹೊರಬಂದ 'ಸುಪ್ಲೆಮೆಂಟುಂ ಫಿಚೀನಿಯಾನುಂ'. ಅಲ್ಲಿಯವರೆಗೆ ಫಿಚೀನೊವನ್ನು ಕುರಿತು ಬರೆಯುವವರು 1576ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಸಮಗ್ರ ಕೃತಿಗಳನ್ನೇ ಅವಲಂಬಿಸಿದ್ದರು. ಆ ಮುದ್ರಣದಲ್ಲಿ ಬಿಟ್ಟುಹೋದ ಪತ್ರಗಳು, ಪೀಠಿಕೆಗಳು, ಬಾಲ್ಯದ ಲೇಖನಗಳು ಗ್ರಂಥಭಂಡಾರಗಳಲ್ಲಿ ಚೆದರಿ ಬಿದ್ದಿದ್ದವು. ಅವನ್ನು ಹುಡುಕಿ, ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಕಾಲವನ್ನು ನಿರ್ಣಯಿಸಿ, ಯಾವ ಪ್ರತಿ ಎಲ್ಲಿದೆಯೆಂಬ ಪಟ್ಟಿಯೊಡನೆ ಅವರು ಮುದ್ರಿಸಿದರು. ಮರುವರ್ಷ ಪೀಸಾದ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಫಿಚೀನೊ ಅನುವಾದಿಸಿದ ಹರ್ಮೀಸನ ಹೆಸರಿನ ರಹಸ್ಯಗ್ರಂಥಗಳಿಗೂ ಲೊಡೊವೀಕೊ ಲಜ್ಜರೆಲ್ಲಿ ಎಂಬ ಅಷ್ಟೇನೂ ಪ್ರಸಿದ್ಧನಲ್ಲದ ಕವಿಗೂ ಇದ್ದ ಸಂಬಂಧವನ್ನು ಹಸ್ತಪ್ರತಿಗಳ ಆಧಾರದ ಮೇಲೆ ತೋರಿಸಿದರು. ಇಪ್ಪತ್ತಾರು ವರ್ಷಗಳ ಮೇಲೆ ಫ್ರಾನ್ಸಿಸ್ ಯೇಟ್ಸ್ ಅವರು ಜಿಯೊರ್ಡಾನೊ ಬ್ರೂನೊವನ್ನು ಕುರಿತು ಬರೆದು ಜಗತ್ತಿನ ಗಮನವನ್ನು ಸೆಳೆದ ಗ್ರಂಥಕ್ಕೆ ದಾರಿಯನ್ನು ಮೊದಲು ಕಡಿದುಕೊಟ್ಟದ್ದು ಈ ಲೇಖನ.

ಅವರ ಫಿಚೀನೊ ಅಧ್ಯಯನದ ತಿರುಳನ್ನು ಸ್ವಲ್ಪದರಲ್ಲಿ ಹೇಳಬಹುದು. ದೇವರು, ದೇವದೂತ, ಆತ್ಮ, ಗುಣ, ದೇಹ ಎಂಬ ಐದು ಮೆಟ್ಟಿಲುಗಳಾಗಿ ಸಮಸ್ತ ಸತ್ತೆಯನ್ನು ಕಂಡ ಫಿಚೀನೊ, ನಡುವಿನ ಮೆಟ್ಟಿಲಿನಲ್ಲಿ ಆತ್ಮವನ್ನಿಟ್ಟು, ಮೇಲಿನದನ್ನೂ ಕೆಳಗಿನದನ್ನೂ ಕೂಡಿಸುವ ಗಂಟು ಅದೇ ಎಂದನು. ಆತ್ಮವು ಹೊರಗಿನ ವಿಷಯಗಳಿಂದ ಹಿಂತೆಗೆದು ಒಳಕ್ಕೆ ತಿರುಗಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಧ್ಯಾನಾನುಭವವೇ ಈ ಇಡಿಯ ತತ್ತ್ವದ ಬೇರೆಂದು ಕ್ರಿಸ್ಟೆಲ್ಲರ್ ತೋರಿಸಿದರು; ಆತ್ಮದ ಅಮರತ್ವಕ್ಕಾಗಿ ಫಿಚೀನೊ ಹದಿನೆಂಟು ಕಾಂಡಗಳ ಉದ್ದಕ್ಕೂ ಏಕೆ ವಾದಿಸಿದನೆಂಬುದು ಆಗ ಅರ್ಥವಾಗುತ್ತದೆ. ಆ ಹಂಬಲ ಮನುಷ್ಯನಲ್ಲಿ ಸ್ವಾಭಾವಿಕವಾಗಿದ್ದು ಈ ದೇಹದಲ್ಲಿ ಪೂರ್ತಿಯಾಗದೆ ಉಳಿಯುವುದಾದರೆ, ಅದು ಪೂರ್ತಿಯಾಗುವ ಬಾಳೊಂದು ಇರಲೇಬೇಕು. ಪ್ಲೊಟೈನಸನ ಆತ್ಮತತ್ತ್ವವನ್ನು ಇಪ್ಪತ್ತರ ಹರೆಯದಲ್ಲಿ ಹಿಡಿದವರಿಗಲ್ಲದೆ ಇಂಥ ಓದು ಸಾಧ್ಯವಾಗುತ್ತಿರಲಿಲ್ಲ.

1938ರ ಸೆಪ್ಟೆಂಬರಿನಲ್ಲಿ ಇಟಲಿಯೂ ವರ್ಣಶಾಸನಗಳನ್ನು ಹೊರಡಿಸಿತು. ಯೆಹೂದ್ಯ ಅಧ್ಯಾಪಕರನ್ನೆಲ್ಲ ಶಾಲೆಗಳಿಂದಲೂ ವಿಶ್ವವಿದ್ಯಾನಿಲಯಗಳಿಂದಲೂ ತೆಗೆದುಹಾಕಲಾಯಿತು; ಹೊರದೇಶಗಳಿಂದ ಬಂದು ನೆಲಸಿದ್ದ ಯೆಹೂದ್ಯರು ಆರು ತಿಂಗಳೊಳಗೆ ದೇಶ ಬಿಡಬೇಕೆಂದು ಆಜ್ಞೆಯಾಯಿತು. ಗಡುವು ಮುಗಿಯುವ ಮೊದಲೇ, 1939ರ ಫೆಬ್ರವರಿಯಲ್ಲಿ, ಕ್ರಿಸ್ಟೆಲ್ಲರ್ ಅಮೆರಿಕದ ನೆಲವನ್ನು ಮೆಟ್ಟಿದರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಲ್ಪಕಾಲವಿದ್ದು, ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದವರು ಕಡೆಯವರೆಗೂ ಅದನ್ನು ಬಿಡಲಿಲ್ಲ. ಜರ್ಮನಿಯಲ್ಲಿಯೇ ಉಳಿದಿದ್ದ ತಂದೆತಾಯಿಗಳು ನಾಜಿ ಬಂಧನಶಿಬಿರದಲ್ಲಿ ಮಡಿದರು. ಈ ವಿಷಯವನ್ನು ಅವರು ತಮ್ಮ ವಿದ್ವತ್ಕೃತಿಗಳೊಳಗೆ ತರಲಿಲ್ಲ. ನಾನೂ ಇದರ ಮೇಲೆ ಮಾತು ಬೆಳೆಸಲಾರೆ.

ಈಗ ನಾನು ಪ್ರಸ್ತಾಪಿಸಿದ ಆ ನಿರಾಕರಣೆಗೆ ಬರುತ್ತೇನೆ. ಮಹಾಯುದ್ಧದ ಆ ವರ್ಷಗಳಲ್ಲಿಯೂ ಅದರ ಹಿಂದುಮುಂದಿನಲ್ಲಿಯೂ 'ಮಾನವತಾವಾದ' ಎಂಬುದು ಐರೋಪ್ಯ ಚಿಂತಕರೆಲ್ಲರ ನಾಲಗೆಯ ಮೇಲಿದ್ದ ಮಾತಾಗಿತ್ತು. ಗ್ರೀಕ್ ವಿದ್ಯೆಯಿಂದ ಯೂರೋಪನ್ನು ಮತ್ತೆ ಕಟ್ಟಬೇಕೆಂಬ 'ಮೂರನೆಯ ಮಾನವತಾವಾದ'ವನ್ನು ಅವರ ಗುರು ಯೇಗರ್ ಅವರು ಬರ್ಲಿನ್ನಿನಲ್ಲಿದ್ದಾಗಲೇ ಸಾರಿದ್ದರು. ಪತ್ನಿಯು ಯೆಹೂದ್ಯ ವಂಶದವರಾಗಿದ್ದುದರಿಂದ 1936ರಲ್ಲಿ ಅವರೂ ಅಮೆರಿಕಕ್ಕೆ ಬರಬೇಕಾಯಿತು. 1946ರಲ್ಲಿ ಸಾರ್ತ್ರ್ ಅವರು ತಮ್ಮ ಅಸ್ತಿತ್ವವಾದವೇ ಮಾನವತಾವಾದವೆಂದು ಪುಸ್ತಕ ಹೊರಡಿಸಿದರು; ಮರುವರ್ಷ ಹೈಡೆಗ್ಗರ್ ಅವರು ಅದಕ್ಕೆ ಪ್ರತ್ಯುತ್ತರದಂತಿರುವ ಪತ್ರವೊಂದನ್ನು ಪ್ರಕಟಿಸಿ ಆ ಪರಿಕಲ್ಪನೆಯನ್ನೇ ಪ್ರಶ್ನಿಸಿದರು. ಒಬ್ಬ ಗುರು ಅದನ್ನು ಧ್ವಜವಾಗಿ ಹಿಡಿದಿದ್ದ, ಇನ್ನೊಬ್ಬ ಗುರು ಅದನ್ನು ಕೆಳಗಿಳಿಸಲು ಹೊರಟಿದ್ದ ಆ ಕಾಲದಲ್ಲಿ ಶಿಷ್ಯರಾದ ಕ್ರಿಸ್ಟೆಲ್ಲರ್ ಕೇಳಿದ ಪ್ರಶ್ನೆ ಅತ್ಯಂತ ಸರಳವಾದುದು: ಹದಿನಾಲ್ಕು ಹದಿನೈದನೆಯ ಶತಮಾನಗಳ ಇಟಲಿಯಲ್ಲಿ ಮಾನವತಾವಾದಿಗಳೆಂದು ನಾವು ಕರೆಯುವ ಜನ ಹೊಟ್ಟೆಪಾಡಿಗಾಗಿ ಏನು ಮಾಡುತ್ತಿದ್ದರು?

ಬೆಲ್ಜಿಯಂ ದೇಶದಿಂದ ಯುದ್ಧಕಾಲದಲ್ಲಿ ವಲಸೆ ಬಂದು ಅಮೆರಿಕದಲ್ಲಿ ಅಚ್ಚಾಗುತ್ತಿದ್ದ 'ಬಿಜಾಂಟಿಯೊನ್' ಎಂಬ ಪತ್ರಿಕೆಯ 1944-45ರ ಸಂಪುಟದಲ್ಲಿ ಅವರ ಉತ್ತರ ಪ್ರಕಟವಾಯಿತು. ಇಟಲಿಯ ಮಾನವತಾವಾದಿಗಳು ವೃತ್ತಿಯಿಂದ ಅಧ್ಯಾಪಕರು, ಇಲ್ಲವೆ ರಾಜರ, ಗಣರಾಜ್ಯಗಳ, ಪೋಪರ ಕಾರ್ಯಾಲಯಗಳಲ್ಲಿ ಪತ್ರ ಬರೆಯುವ ಕಾರ್ಯದರ್ಶಿಗಳು. ಅವರು ಕಲಿಸುತ್ತಿದ್ದುದು ವ್ಯಾಕರಣ, ವಾಗ್ಮಿತಾಶಾಸ್ತ್ರ, ಕಾವ್ಯ, ಇತಿಹಾಸ, ನೀತಿಶಾಸ್ತ್ರ ಎಂಬ ಐದು ವಿದ್ಯೆಗಳನ್ನು. ತರ್ಕ, ಪ್ರಕೃತಿಶಾಸ್ತ್ರ, ತತ್ತ್ವಮೀಮಾಂಸೆಗಳು ಅವರ ಪಾಲಿಗೆ ಸೇರಿರಲಿಲ್ಲ. ವಂಶಾವಳಿಯನ್ನು ಹಿಡಿದು ನೋಡಿದರೆ ಅವರು ಮಧ್ಯಯುಗದಲ್ಲಿ ಪತ್ರಲೇಖನದ ಕಲೆಯನ್ನು ಹೇಳಿಕೊಡುತ್ತಿದ್ದ ಇಟಲಿಯ ಪಂಡಿತರ ಉತ್ತರಾಧಿಕಾರಿಗಳು. ಪ್ರಾಚೀನ ರೋಮಿನ ಶೈಲಿಯನ್ನು ಅನುಕರಿಸಬೇಕೆಂಬ ಹಂಬಲ ಅವರ ಹೊಸತನ. ಇತ್ತ ಪಡುವಾ, ಬೊಲೋನ್ಯಾ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಅರಿಸ್ಟಾಟಲನ ಪಾಠ ನಿಂತುಹೋಗಲಿಲ್ಲ, ಹದಿನೇಳನೆಯ ಶತಮಾನದವರೆಗೂ ಹಬ್ಬಿ ಬೆಳೆಯಿತು. 1516ರಲ್ಲಿ ಆತ್ಮದ ಅಮರತ್ವವನ್ನು ಪ್ರಶ್ನಿಸಿದ ಪೊಂಪೊನಾಜ್ಜಿ ಅರಿಸ್ಟಾಟಲನ ಪಂಥದವನೇ. ಹಳೆಯ ಅಂಧಕಾರವನ್ನು ಹೊಸ ಬೆಳಕು ಓಡಿಸಿತೆಂಬ ಚಿತ್ರ ಸೊಗಸಾಗಿದ್ದರೂ ದಾಖಲೆಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಎರಡು ವಿದ್ಯಾಸಂಪ್ರದಾಯಗಳು ಅಕ್ಕಪಕ್ಕದಲ್ಲಿ ಬಾಳಿ, ಕೆಲವೊಮ್ಮೆ ಜಗಳವಾಡಿದುವು, ಅಷ್ಟೆ.

ಈ ಮತವನ್ನು ಎಲ್ಲರೂ ಒಪ್ಪಲಿಲ್ಲ. ಇಟಲಿಯ ಯೂಜೇನಿಯೊ ಗಾರಿನ್ ಅವರು ಮಾನವತಾವಾದದಲ್ಲಿಯೇ ಒಂದು ಹೊಸ ದರ್ಶನವಿತ್ತೆಂದು ಕಡೆಯವರೆಗೂ ವಾದಿಸಿದರು. ಬರ್ಲಿನ್ನಿನವರೇ ಆದ, ದೇಶಭ್ರಷ್ಟರೇ ಆದ ಹಾನ್ಸ್ ಬರೋನ್ ಅವರು 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 1402ರ ಸುಮಾರಿಗೆ ಮಿಲಾನಿನ ನಿರಂಕುಶ ಪ್ರಭುವಿನ ದಂಡಯಾತ್ರೆಯನ್ನು ಫ್ಲಾರೆನ್ಸ್ ಗಣರಾಜ್ಯವು ಏಕಾಕಿಯಾಗಿ ಎದುರಿಸಿದಾಗಲೇ ನಾಗರಿಕ ಸ್ವಾತಂತ್ರ್ಯದ ಮಾನವತಾವಾದ ಹುಟ್ಟಿತೆಂದು ಪ್ರತಿಪಾದಿಸಿದರು. ಅದನ್ನು ಓದುವಾಗ ಹಿಟ್ಲರನನ್ನು ಒಂಟಿಯಾಗಿ ಎದುರಿಸಿದ 1940ರ ಇಂಗ್ಲೆಂಡ್ ನಮ್ಮ ಕಣ್ಣ ಮುಂದೆ ಬರದಿರದು. ಬರೋನ್ ಅವರು ತಮ್ಮ ಕಾಲದ ಸಂಕಟವನ್ನು ಇತಿಹಾಸದೊಳಕ್ಕೆ ಹರಿಯಗೊಟ್ಟರು. ಅದರಿಂದ ಅವರ ಗ್ರಂಥಕ್ಕೆ ಪ್ರಾಣಶಕ್ತಿ ಬಂದಿತು. ಅದೇ ಸಂಕಟವನ್ನು ಅಷ್ಟೇ ಅನುಭವಿಸಿದ ಕ್ರಿಸ್ಟೆಲ್ಲರ್ ಅದನ್ನು ಹೊರಗೆ ನಿಲ್ಲಿಸಿದರು. ನಾಗರಿಕತೆಯನ್ನು ರಕ್ಷಿಸಲು ಮಾನವತಾವಾದದ ಮಹಿಮೆಯನ್ನು ಹಿಗ್ಗಿಸಬೇಕೆಂದು ಸಜ್ಜನರೆಲ್ಲ ಬಯಸುತ್ತಿದ್ದಾಗ, ಹಿಗ್ಗಿಸಿದರೆ ಅದು ಸುಳ್ಳಾಗುವುದೆಂದು ಹೇಳುವುದಕ್ಕೆ ಸಾಮಾನ್ಯವಾದ ಧೈರ್ಯ ಸಾಲದು. ಸುಳ್ಳಿನ ರಾಜಕೀಯದಿಂದ ಎರಡು ದೇಶಗಳನ್ನು ಕಳೆದುಕೊಂಡವರು ಒಳ್ಳೆಯ ಪಕ್ಷದ ಸಲುವಾಗಿಯೂ ಪ್ರಮಾಣವನ್ನು ಬಗ್ಗಿಸಲು ಒಪ್ಪಲಿಲ್ಲವೆಂಬುದನ್ನು ನಾನು ಅವರ ಜೀವನದ ಅತ್ಯುನ್ನತ ಘಟ್ಟವೆಂದು ಭಾವಿಸಿದ್ದೇನೆ.

ಹೀಗೆಂದಮಾತ್ರಕ್ಕೆ ಅವರ ಲಕ್ಷಣವಾಕ್ಯ ನಿರ್ದುಷ್ಟವೆಂದು ನಾನು ಹೇಳಲಾರೆ. ಮಾನವತಾವಾದಿ ಲೊರೆಂಜೊ ವಲ್ಲ 1440ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನನು ಪೋಪನಿಗೆ ರಾಜ್ಯವನ್ನು ದಾನ ಮಾಡಿದನೆಂಬ ಪತ್ರವನ್ನು ಅದರ ಲ್ಯಾಟಿನ್ ಭಾಷೆಯ ಪರೀಕ್ಷೆಯಿಂದಲೇ ಕೃತಕವೆಂದು ತೋರಿಸಿದಾಗ, ವ್ಯಾಕರಣವು ಅಧಿಕಾರದ ಬುಡವನ್ನೇ ಅಲುಗಾಡಿಸಿತು. ಅಂಥ ಕಡೆಗಳಲ್ಲಿ ಭಾಷಾವಿದ್ಯೆಯೇ ವಿಚಾರಕ್ರಾಂತಿಯಾಗುತ್ತದೆ, ಮತ್ತು ಅದನ್ನು ದರ್ಶನದ ಎಲ್ಲೆಯಿಂದ ಹೊರಗಿಡುವುದು ಕಷ್ಟ. ಗಾರಿನ್ ಅವರ ಪಕ್ಷಕ್ಕೆ ಇಲ್ಲಿ ಬಲವಿದೆ. ಆದರೂ ಯಾರು ಯಾವ ಪೀಠದಲ್ಲಿ ಕುಳಿತು ಏನನ್ನು ಕಲಿಸಿದರೆಂಬ ಕ್ರಿಸ್ಟೆಲ್ಲರ್ ಅವರ ಪ್ರಶ್ನೆಯನ್ನು ಉತ್ತರಿಸದೆ ಇಂದು ಯಾರೂ ಆ ಯುಗವನ್ನು ಕುರಿತು ಬರೆಯಲಾರರು.

ಅವರ ಉಳಿದ ಬರಹಗಳಲ್ಲಿ ಒಂದನ್ನು ಮಾತ್ರ ಹೆಸರಿಸಿ ಮುಂದೆ ಹೋಗುತ್ತೇನೆ. ಚಿತ್ರ, ಶಿಲ್ಪ, ವಾಸ್ತು, ಸಂಗೀತ, ಕಾವ್ಯ ಎಂಬ ಐದನ್ನು ಒಂದೇ ಕುಲಕ್ಕೆ ಸೇರಿದ ಲಲಿತಕಲೆಗಳೆಂದು ಎಣಿಸುವ ಪದ್ಧತಿ ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ನೆಲೆಗೊಂಡುದೇ ಹೊರತು ಪ್ರಾಚೀನವಾದುದಲ್ಲವೆಂದು ಅವರು 1951-52ರಲ್ಲಿ ಎರಡು ಭಾಗಗಳಾಗಿ ಬರೆದ ಲೇಖನ ತೋರಿಸಿಕೊಟ್ಟಿತು. ಸೌಂದರ್ಯಮೀಮಾಂಸೆಯನ್ನು ಓದುವವರು ಅದನ್ನು ತಪ್ಪದೆ ನೋಡಬೇಕು.

ಅವರ ಬಾಳಿನ ಮಹಾಕಾರ್ಯವೆಂದರೆ 'ಇಟೆರ್ ಇಟಾಲಿಕುಂ', ಎಂದರೆ ಇಟಲಿಯ ಯಾತ್ರೆ. ಫಿಚೀನೊವಿನ ಹಸ್ತಪ್ರತಿಗಳನ್ನು ಅರಸುತ್ತ ಊರಿನಿಂದ ಊರಿಗೆ ಹೋಗುತ್ತಿದ್ದಾಗ, ಯಾವ ಅಚ್ಚಾದ ಪಟ್ಟಿಯಲ್ಲಿಯೂ ಕಾಣದ, ಇಲ್ಲವೆ ಅರೆಬರೆಯಾಗಿ ನಮೂದಾದ ಮಾನವತಾವಾದಿಗಳ ಪ್ರತಿಗಳು ಅವರ ಕಣ್ಣಿಗೆ ಬೀಳುತ್ತಿದ್ದುವು. ಅವನ್ನು ಅವರು ಗುರುತು ಹಾಕಿಕೊಳ್ಳುತ್ತ ಬಂದರು. ಯುದ್ಧ ಮುಗಿದಮೇಲೆ ಪುನಃ ಯೂರೋಪಿಗೆ ಹೋಗಿಬರುವುದು ಸಾಧ್ಯವಾಗಲು, ಆ ಟಿಪ್ಪಣಿಗಳು ಬೆಳೆದು ಬೆಟ್ಟವಾದುವು. ಕಪಾಟಿನ ಮೇಲಿನ ಕೈಬರಹದ ಪಟ್ಟಿಯನ್ನು ನೋಡಿ, ಪ್ರತಿಯನ್ನು ತರಿಸಿ, ಅದರಲ್ಲಿನ ಪತ್ರ, ಭಾಷಣ, ಪದ್ಯ, ಅನುವಾದಗಳ ಕರ್ತೃಗಳನ್ನು ಗುರುತಿಸಿ, ಹಾಳೆಯ ಸಂಖ್ಯೆಯೊಡನೆ ಬರೆದುಕೊಳ್ಳುವುದು. ಮತ್ತೆ ಮುಂದಿನ ಪ್ರತಿ, ಮುಂದಿನ ಊರು. 1963ರಲ್ಲಿ ಮೊದಲ ಸಂಪುಟವೂ 1967ರಲ್ಲಿ ಎರಡನೆಯದೂ ಇಟಲಿಯ ನಗರಗಳನ್ನು ಅಕಾರಾದಿಯಾಗಿ ಮುಗಿಸಿದುವು. ಅವೆರಡರ ನಡುವೆ, 1966ರ ನವೆಂಬರಿನಲ್ಲಿ, ಆರ್ನೊ ನದಿಯ ಪ್ರವಾಹವು ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಭಂಡಾರವನ್ನು ಹೊಕ್ಕು ಲಕ್ಷಾಂತರ ಗ್ರಂಥಗಳನ್ನು ಕೆಸರಿನಲ್ಲಿ ಮುಳುಗಿಸಿತು. ಅದಕ್ಕೂ ಹಿಂದೆ, 1943ರಲ್ಲಿ, ನೇಪಲ್ಸ್ ನಗರದ ದಾಖಲೆಗಳಲ್ಲಿ ಅತ್ಯಮೂಲ್ಯವಾದುವನ್ನು ರಕ್ಷಣೆಗೆಂದು ಸಾಗಿಸಿಟ್ಟಿದ್ದ ಭವನಕ್ಕೆ ಜರ್ಮನ್ ಸೈನಿಕರು ಬೆಂಕಿ ಹಚ್ಚಿದ್ದರು. ಎಲ್ಲಿ ಏನಿದೆಯೆಂದು ಬರೆದಿಡುವುದು ಎಷ್ಟು ತುರ್ತಿನ ಕೆಲಸವೆಂಬುದನ್ನು ಈ ಎರಡು ಘಟನೆಗಳಿಂದ ಊಹಿಸಬಹುದು.

ಮುಂದಿನ ಸಂಪುಟಗಳು ಆಸ್ಟ್ರೇಲಿಯದಿಂದ ಯುಗೊಸ್ಲಾವಿಯದವರೆಗೆ ಇತರ ದೇಶಗಳ ಭಂಡಾರಗಳನ್ನು ಒಳಗೊಂಡುವು. ಆರನೆಯ ಸಂಪುಟ 1992ರಲ್ಲಿ ಬಂದಿತು. ಸೂಚಿಗಳು 1997ರವರೆಗೂ ಮುಂದುವರಿದುವು. ಈ ಗ್ರಂಥವನ್ನು ಹೊರತಂದ ಸಂಸ್ಥೆಗಳಲ್ಲಿ ಒಂದಾದ ಲಂಡನ್ನಿನ ವಾರ್‌ಬುರ್ಗ್ ಸಂಸ್ಥೆಯೂ 1933ರಲ್ಲಿ ಹ್ಯಾಂಬರ್ಗಿನಿಂದ ತನ್ನ ಪುಸ್ತಕಗಳನ್ನೆಲ್ಲ ಹಡಗಿನಲ್ಲಿ ತುಂಬಿಕೊಂಡು ಓಡಿಬಂದ ಸಂಸ್ಥೆ. ಈ ಸಂಪುಟಗಳಲ್ಲಿ ಓದುಗನನ್ನು ರಂಜಿಸುವ ಒಂದು ವಾಕ್ಯವೂ ಇಲ್ಲ. ನಗರದ ಹೆಸರು, ಭಂಡಾರದ ಹೆಸರು, ಪ್ರತಿಯ ಅಂಕೆ, ಒಳಗಿನ ಕೃತಿಗಳು, ಇಷ್ಟೇ. ಇತರರು ಬರೆಯಬೇಕಾದ ನೂರಾರು ಗ್ರಂಥಗಳಿಗಾಗಿ ತಾನು ಬರೆಯಬಹುದಾಗಿದ್ದ ಹಲವು ಗ್ರಂಥಗಳನ್ನು ಒಬ್ಬ ಮೇಧಾವಿ ತ್ಯಜಿಸಿದನೆಂದು ನಾನು ಇದನ್ನು ಓದುತ್ತೇನೆ. ದರ್ಶನದ ಇತಿಹಾಸವನ್ನು ಇಷ್ಟು ವಿನಯದಿಂದ ಸೇವಿಸಿದವರು ವಿರಳ.

ಕೊಲಂಬಿಯಾದಲ್ಲಿ ಅವರಿಗೆ ಸ್ಥಾನಮಾನಗಳು ನಿಧಾನವಾಗಿ ಬಂದುವು. 1948ರಲ್ಲಿ ಸಹ ಪ್ರಾಧ್ಯಾಪಕರೂ 1956ರಲ್ಲಿ ಪ್ರಾಧ್ಯಾಪಕರೂ ಆಗಿ 1973ರಲ್ಲಿ ನಿವೃತ್ತರಾದರು. ಕಾಸಿರರ್, ಜಾನ್ ಹರ್ಮನ್ ರ್‍ಯಾಂಡಲ್ ಇವರೊಡನೆ ಸಂಪಾದಿಸಿದ, ಪುನರುಜ್ಜೀವನ ಯುಗದ ದಾರ್ಶನಿಕರ ಅನುವಾದಸಂಕಲನವು 1948ರಿಂದ ಅಮೆರಿಕದ ವಿದ್ಯಾರ್ಥಿಗಳ ಹಲವು ಪೀಳಿಗೆಗಳ ಕೈಹೊತ್ತಗೆಯಾಯಿತು. 1940ರಲ್ಲಿ ಅವರ ಕೈಹಿಡಿದ ಪತ್ನಿ ಈಡಿತ್ ಅವರೂ ಜರ್ಮನಿಯಿಂದ ಬಂದ ವೈದ್ಯೆ. 1990ರಲ್ಲಿ ಅಮೆರಿಕದ ವಿದ್ವತ್ಸಂಘಗಳ ಪರಿಷತ್ತು ಏರ್ಪಡಿಸಿದ ಉಪನ್ಯಾಸದಲ್ಲಿ ಅವರು ತಮ್ಮ ಬಾಳಿನ ಕಥೆಯನ್ನು ತಾವೇ ಹೇಳಿದರು. 1999ರ ಜೂನ್ 7ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ನಿಧನರಾದರು.

ಪ್ರಾಚೀನ ಗ್ರೀಕ್ ಗ್ರಂಥಕರ್ತರಲ್ಲಿ ಒಬ್ಬೊಬ್ಬರನ್ನೂ ಮಧ್ಯಯುಗದಲ್ಲಿಯೂ ಪುನರುಜ್ಜೀವನ ಯುಗದಲ್ಲಿಯೂ ಯಾರು ಯಾರು ಲ್ಯಾಟಿನ್ನಿಗೆ ಅನುವಾದಿಸಿದರು, ಗ್ರೀಕ್ ಲ್ಯಾಟಿನ್ ಗ್ರಂಥಕರ್ತರಿಗೆ ಯಾರು ವ್ಯಾಖ್ಯಾನ ಬರೆದರು ಎಂಬುದನ್ನು ಪಟ್ಟಿ ಮಾಡುವ ಬೃಹತ್ ಯೋಜನೆಯೊಂದನ್ನು ಅವರು ಯುದ್ಧ ಮುಗಿಯುವ ಹೊತ್ತಿಗೆ, ಯೂರೋಪಿನ ಭಂಡಾರಗಳಲ್ಲಿ ಏನು ಉಳಿದಿದೆ ಏನು ಹೋಗಿದೆ ಎಂಬುದು ತಿಳಿಯುವ ಮೊದಲೇ, ಮುಂದಿಟ್ಟಿದ್ದರು. ಒಬ್ಬನ ಆಯುಷ್ಯದಲ್ಲಿ ಮುಗಿಯತಕ್ಕ ಕೆಲಸವಲ್ಲವೆಂದು ಮೊದಲೇ ಬಲ್ಲವರಾಗಿ ಹಲವು ದೇಶಗಳ ವಿದ್ವಾಂಸರನ್ನು ಅದಕ್ಕೆ ಕೂಡಿಸಿದರು. ಮೊದಲ ಸಂಪುಟ 1960ರಲ್ಲಿ ಬಂದಿತು. ಅವರ ಕಾಲಾನಂತರವೂ ಒಂದೊಂದು ಗ್ರಂಥಕರ್ತನನ್ನು ಒಬ್ಬೊಬ್ಬ ವಿದ್ವಾಂಸನು ವಹಿಸಿಕೊಂಡು, ಪ್ರತಿಯಿಂದ ಪ್ರತಿಗೆ ನಡೆದು, ಅದೇ ಕ್ರಮದಲ್ಲಿ ಸಂಪುಟಗಳನ್ನು ಹೊರತರುತ್ತ ಬಂದಿದ್ದಾರೆ.